ಉಬ್ಬರದ ಹೊತ್ತಿನ ಆಳ

ನಮ್ಮ ನಕಾಶೆ ಕಚೇರಿಯ ಸಾಹೇಬರಿಗೆ ಸಮುದ್ರವೆಂದರೆ ಕಿಟಕಿಯಾಚೆ ಕಾಣುವ ನೀಲಿ ಬಣ್ಣ, ಅಷ್ಟೆ. ದ್ವೀಪದ ಸುತ್ತ ಹವಳದ ದಿಬ್ಬಗಳು ಎಲ್ಲೆಲ್ಲಿವೆ ಎಂದು ದಡದ ನಾಯಿಗಳಿಗೂ ಗೊತ್ತು. ಇವರಿಗೆ ಗೊತ್ತಿಲ್ಲ, ಗೊತ್ತಿಲ್ಲವೆಂಬುದೂ ಗೊತ್ತಿಲ್ಲ. ಇಂಥವರು ಒಂದು ದಿನ ದಿಬ್ಬಗಳ ನಡುವಿನ ಅಡ್ಡದಾರಿಯ ಆಳ ಅಳೆಯಲು ಹೊರಟರು. ಆ ದಾರಿ ತೆರೆದರೆ ಲಾಂಚುಗಳಿಗೆ ಅರ್ಧ ಗಂಟೆ ಉಳಿಯುತ್ತದಂತೆ.

ಆಳವನ್ನು ನೀರು ಪೂರ್ತಿ ಇಳಿದಾಗಿನ ಮಟ್ಟಕ್ಕೇ ಬರೆಯಬೇಕು. ಅಂದು ಇಳಿತ ಬೆಳಗಿನ ಆರಕ್ಕೆ. ಆರಕ್ಕೆ ಏಳುವುದು ಸಾಹೇಬರ ಹಣೆಯಲ್ಲೇ ಬರೆದಿಲ್ಲ. ತಿಂಡಿ ತಿಂದು, ಮೀಸೆ ತಿದ್ದಿಕೊಂಡು ಹನ್ನೆರಡಕ್ಕೆ ದೋಣಿ ಹತ್ತಿದರು, ಉಬ್ಬರದ ನೀರು ತುಂಬಿ ನಿಂತಿತ್ತು. ನಾನು ಸೀಸದ ಗುಂಡು ಕಟ್ಟಿದ ಹಗ್ಗ ಇಳಿಬಿಟ್ಟು ಅಡಿ ಹೇಳುತ್ತಾ ಹೋದೆ: ಒಂಬತ್ತು, ಹತ್ತು. ಅವರು ಅಂಚಿಗೆ ಬಾಗಿ ವಾಂತಿ ಮಾಡಿಕೊಂಡು ದೋಣಿಯವನನ್ನು ಬೈದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಉಬ್ಬರದ ಐದಡಿಯನ್ನು ಕಳೆಯಬೇಕೆಂದು ಅವರಿಗೆ ಹೊಳೆಯಲೇ ಇಲ್ಲ. ಇಂಥ ದಡ್ಡ ಶಿಖಾಮಣಿಗೆ ನಾನ್ಯಾಕೆ ಪಾಠ ಹೇಳಲಿ, ತಾನೇ ಮುಖಕ್ಕೆ ಮಸಿ ಬಳಿದುಕೊಳ್ಳಲಿ ಎಂದು ಬಾಯಿಗೆ ಬೀಗ ಹಾಕಿಕೊಂಡೆ. ಅದೇ ಅಂಕಿಗಳನ್ನು ಮುತ್ತು ಪೋಣಿಸಿದಂತೆ ನಕಾಶೆಯಲ್ಲಿ ಬರೆದುಕೊಟ್ಟೆ. ಅವರು ಕೆಳಗೆ ರುಜು ಗೀಚಿದರು. ಒಳಗೊಳಗೇ ನಕ್ಕೆ.

ಹೊಸ ದಾರಿಯಲ್ಲಿ ಮೊದಲ ಲಾಂಚು ನಡೆಸುವವರು ನಮ್ಮ ಭಾವನೇ ಎಂದು ಅಕ್ಕ ಸಂಭ್ರಮದಿಂದ ಹೇಳಿದಳು. ಸೋಮವಾರ ಬೆಳಗ್ಗೆ, ಸರಿಯಾಗಿ ನೀರು ಇಳಿಯುವ ಹೊತ್ತಿಗೆ, ಅರವತ್ತು ಜನರೊಂದಿಗೆ. ಆ ಲಾಂಚಿಗೆ ಆರಡಿ ನೀರಾದರೂ ಬೇಕು, ಆ ಹೊತ್ತಿಗೆ ಅಲ್ಲಿ ಉಳಿಯುವುದು ನಾಲ್ಕೈದೇ ಅಡಿ.

ಓಡೋಡಿ ಲಾಂಚು ನಿಲ್ಲುವ ಕಟ್ಟೆಗೆ ಹೋದೆ. ಭಾವ ಎಂಜಿನ್ನಿಗೆ ಎಣ್ಣೆ ಬಿಡುತ್ತಿದ್ದರು. ಸಾಹೇಬರು ವಾಂತಿ ಮಾಡಿದ್ದನ್ನೂ ಅಭಿನಯಿಸಿ ಎಲ್ಲ ಹೇಳಿದೆ. ಅವರು ನಗಲಿಲ್ಲ. ಕೈ ಒರೆಸಿಕೊಂಡು, ಹೊಸ ದಾರಿಗೆಂದು ತಮಗೆ ಕೊಟ್ಟಿದ್ದ ನಕಾಶೆ ಬಿಚ್ಚಿ ಅಂಕಿಗಳನ್ನು ನೋಡಿದರು.

"ಅಳೆದಾಗ್ಲೇ ಗೊತ್ತಿತ್ತಾ ನಿಂಗೆ?"

"ಗೊತ್ತಿತ್ತು ಭಾವ. ಆದ್ರೆ ಆ ಸಾಹೇಬ್ರು..."

"ಅವ್ರಿಗೆ ಗೊತ್ತಿರ್ಲಿಲ್ಲ, ಬಿಡು. ಗೊತ್ತಿದ್ದೂ ಬರ್ದವ್ನು ನೀನು. ಲಾಂಚು ಬೇರೆಯವ್ರದ್ದಾಗಿದ್ರೆ ಹೇಳೋಕೆ ಬರ್ತಿದ್ಯಾ?"

ನಾನು ಎಣ್ಣೆ ಡಬ್ಬಿಯ ಮುಚ್ಚಳ ಹಾಕತೊಡಗಿದೆ. ಬರುತ್ತಿರಲಿಲ್ಲ, ಅದು ಅವರಿಗೂ ತಿಳಿಯಿತು. ನಕಾಶೆಯನ್ನು ಮಡಚಿಕೊಂಡು ಆ ದಾರಿ ಮುಚ್ಚಿಸಲು ಬಂದರಿನ ಕಚೇರಿಯತ್ತ ನಡೆದರು. ಸಾಕ್ಷಿಗೆಂದಾದರೂ ನನ್ನನ್ನು ಜೊತೆಗೆ ಕರೆಯಲಿಲ್ಲ.