ಹಾಲುಗೂಸನ್ನ ಅಮ್ಮ ಮುಟ್ಟಂಗಿಲ್ಲ

ಬೈಯಪ್ಪನಹಳ್ಳಿಯ ಆ ಬಾಡಿಗೆ ರೂಮಿನಲ್ಲಿ ಅಮೃತಮ್ಮನ ಮಾತಿಗೆ ಎದುರಾಡುವವರಿರಲಿಲ್ಲ. ಹೆತ್ತು ಆಸ್ಪತ್ರೆಯಿಂದ ಬಂದ ಮಾರನೇ ದಿನವೇ ಸೊಸೆ ಸೌಂದರ್ಯಾಳ ಎದೆ ಮೇಲೆ ನೀರುಗುಳ್ಳೆ ಎದ್ದವು. ಮಗ ಶಿವಪುತ್ರ ಆಟೊ ಕರೆಯಲು ಹೊರಟರೆ ಮುದುಕಿ ಬಾಗಿಲಿಗೇ ಅಡ್ಡ ನಿಂತಳು. ಚಿಕನ್‌ಪಾಕ್ಸ್ ಅವಳ ಪಾಲಿಗೆ ರೋಗವೇ ಅಲ್ಲ, ದೇವಿ.

"ಅಮ್ಮ ಬಂದಾಳ. ಮನಿಗೆ ಬಂದ ತಾಯಿಗೆ ಸೂಜಿ ಚುಚ್ಚಸ್ತಿಯೇನು?"

"ಕೂಸಿಗೆ ಹತ್ತಿದ್ರ, ಅವ್ವಾ?"

"ಹಾಲುಗೂಸನ್ನ ಅಮ್ಮ ಮುಟ್ಟಂಗಿಲ್ಲ. ನೀ ಮೊಲಿ ಕುಡಿಯೋವಾಗ ಅಮ್ಮ ಬಂದು ಓಣಿಗೆ ಓಣೀನೇ ಮಲಗಿತ್ತು. ನಿನ್ನ ಮೈಮ್ಯಾಲ ಒಂದ್ ಗುಳ್ಳಿ ಎದ್ದಿತ್ತೇನು?"

ಸುಳ್ಳಲ್ಲ, ಕಣ್ಣಾರೆ ಕಂಡದ್ದು. ಕೇಡು ಬಂದದ್ದೇ ಅಲ್ಲಿ ನೋಡಿ. ಬಾಗಿಲಿಗೆ ಬೇವು ಕಟ್ಟಿದಳು, ಒಗ್ಗರಣೆ ನಿಲ್ಲಿಸಿದಳು, ಕೂಸನ್ನು ತಾಯಿಯ ಮಗ್ಗುಲಿಗೇ ಮಲಗಿಸಿದಳು. ಮೊಮ್ಮಗಳ ಮೇಲೆ ಜೀವವನ್ನೇ ಇಟ್ಟಿದ್ದಳು, ಪಾಪ.

ವಾರ ಕಳೆದ ಮೇಲೆ ಕೂಸಿನ ಮೈತುಂಬ ಗುಳ್ಳೆ. ಉಸಿರು ಮೇಲಕ್ಕೆ ಹತ್ತಿದಾಗ ಅಮೃತಮ್ಮನೇ ಅದನ್ನು ಸೆರಗಲ್ಲಿ ಸುತ್ತಿಕೊಂಡು ಶಿವಾಜಿನಗರದ ಆಸ್ಪತ್ರೆಗೆ ಓಡಿದಳು. ಕೂಸು ಉಳಿಯಲಿಲ್ಲ.

ಮಗನಿಗೆ ಏಳದ್ದು ಈ ಕೂಸಿಗೇಕೆ ಎದ್ದಿತೆಂದು ಮುದುಕಿ ಕೇಳಿದಾಗ ಡಾಕ್ಟರ್ ನಾಜಿಶ್ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. ಮುದುಕಿಯ ಕೆನ್ನೆಯ ಹಳೇ ಕಲೆ ನೋಡಿ, "ನಿಮಗೆ ಚಿಕ್ಕವಯಸ್ಸಲ್ಲೇ ಆಗಿತ್ತಲ್ವಾಮ್ಮ?" ಅಂದರು. "ಅದನ್ನ ತಡೆಯೋ ಶಕ್ತಿ ನಿಮ್ಮ ರಕ್ತದಲ್ಲಿತ್ತು. ಮಗ ಹೊಟ್ಟೇಲಿದ್ದಾಗಲೇ ಅವರಿಗೂ ಕೊಟ್ಟಿದ್ರಿ. ಸೊಸೆಗೆ ಇದೇ ಮೊದಲು. ಕೊಡೋಕೆ ಅವರ ಮೈಯಲ್ಲಿ ಇನ್ನೂ ಏನೂ ಹುಟ್ಟಿರಲಿಲ್ಲ, ರೋಗ ಮಾತ್ರ ದಾಟ್ತು. ಅವರಿಗೆ ಗುಳ್ಳೆ ಕಂಡ ದಿನವೇ ಬಂದಿದ್ರೆ ಮಗೂಗೆ ಒಂದು ಇಂಜೆಕ್ಷನ್ ಕೊಟ್ಟು ನೋಡಬಹುದಿತ್ತು."

ಈ ಸಂಕಟದಲ್ಲಿ ಅಮ್ಮನನ್ನು ಕಳಿಸಿಕೊಡುವ ಶಾಸ್ತ್ರ ಹಾಗೇ ಉಳಿದಿತ್ತು. ಸೊಸೆಯ ಗುಳ್ಳೆ ಒಣಗಿ ಉದುರಿದ ಮೇಲೆ ಬೇವಿನ ನೀರು ಹಾಕಬೇಕು, ದೇವಿಗೆ ಮೊಸರನ್ನದ ಎಡೆ ಇಡಬೇಕು. ಅಮೃತಮ್ಮ ನೀರು ಕಾಸಿದಳು. ಸೊಸೆಯ ಮುಖ ನೋಡಲಾರದೆ ಬೆನ್ನ ಹಿಂದೆ ನಿಂತು ಹಾಕಿದಳು. ಸೌಂದರ್ಯಾಳ ಎದೆಹಾಲು ಆ ನೀರಿನ ಜೊತೆ ಬಚ್ಚಲಿಗೆ ಹರಿಯುತ್ತಿತ್ತು.

"ಅತ್ತಿ, ಈಗ ನನ್ನ ರಕ್ತದಾಗೂ ಆ ಶಕ್ತಿ ಹುಟ್ಟೇತಂತ. ಡಾಕ್ಟರ್ ಹೇಳ್ಯಾರ," ಅಂದಳು ಸೌಂದರ್ಯಾ, ತಿರುಗದೆ. "ಯಾರಿಗೆ ಕೊಡ್ಲಿ?"

ಮುದುಕಿ ಚೊಂಬನ್ನು ಕೆಳಗಿಟ್ಟಳು. ಆ ದಿನ ಅಮೃತಮ್ಮ ದೇವಿಗೆ ಎಡೆ ಇಡಲಿಲ್ಲ.