ಮಾಟಗಾತಿಯ ಮನೆಯ ಗಂಟುಹಗ್ಗ

ಅಳಿಯ ಒಳ್ಳೆಯವನೇ. ಹೊಲಿಗೆ ಮೆಷಿನ್ನು ತುಳಿದು ತುಳಿದು ಅತ್ತೆ ಸವೆದುಹೋದಳು, ಒಂದು ದಿನವಾದರೂ ಸುತ್ತಾಡಲಿ ಎಂದು ತಾನೇ ಟೂರ್ ಬಸ್ಸಿನ ಟಿಕೆಟ್ ತಂದಿದ್ದ. ಬಸ್ಸು ಎಲ್ಲೆಲ್ಲಿ ನಿಲ್ಲುತ್ತದೆಂದು ಮಾತ್ರ ಕೇಳಿರಲಿಲ್ಲ. ದಾನ ಕೊಟ್ಟ ಹಸುವಿನ ಹಲ್ಲು ಎಣಿಸುವುದೇ ಎಂದು ಟೈಲರಮ್ಮನೂ ಕೇಳಲಿಲ್ಲ.

ಮೊದಲು ಮುಳ್ಳುಗಳೇ ಇಲ್ಲದ ಹಳೇ ಗಡಿಯಾರ ಗೋಪುರ ನೋಡಿದರು. ಆಮೇಲೆ ಹೆದ್ದಾರಿ ಪಕ್ಕದಲ್ಲಿ ಮನೆಯಷ್ಟು ದೊಡ್ಡ ಸಿಮೆಂಟಿನ ಬೂಟು. ಅದರೊಳಗೆ ಅತ್ತೆಯನ್ನು ನಿಲ್ಲಿಸಿ ಅಳಿಯ ಫೋಟೋ ತೆಗೆದ. ಟೈಲರಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. ಬಸ್ಸು ದೊಡ್ಡ ರಸ್ತೆ ಬಿಟ್ಟು ಎಡಕ್ಕೆ ಹೊರಳಿದಾಗ ನಗು ನಿಂತಿತು. ಆ ತಿರುವಿನ ಆಚೆಗಿದ್ದದ್ದು ಅವಳ ಅಜ್ಜಿಯ ಮನೆ. ಅಜ್ಜಿ ಹೋದಮೇಲೆ ಚಿಕ್ಕಪ್ಪ ಅದನ್ನು ಯಾರಿಗೋ ಮಾರಿದ್ದ. ಇವಳು ಮತ್ತೆ ಆ ಕಡೆ ತಲೆ ಹಾಕಿರಲಿಲ್ಲ.

ಬಾಗಿಲ ಮೇಲೆ ‘ಮಾಟಗಾತಿಯ ಮನೆ’ ಎಂಬ ಬೋರ್ಡು. ಒಳಗೆ ಅಜ್ಜಿಯ ಕುರ್ಚಿಯಲ್ಲಿ ಕೊಕ್ಕೆ ಮೂಗಿನ ಪ್ಲಾಸ್ಟರ್ ಮುದುಕಿ, ಕೈಯಲ್ಲಿ ಪೊರಕೆ.

“ಇವಳು ಮಕ್ಕಳನ್ನ ಕದ್ದು ತಿಂತಿದ್ಲಂತೆ!” ಗೈಡ್ ಕಣ್ಣರಳಿಸಿದ. “ಗೋಡೆ ಮೇಲಿನ ಹಗ್ಗ ನೋಡಿ. ಒಂದೊಂದು ಗಂಟಿಗೂ ಒಂದೊಂದು ಮಗು!”

ಜನ ಹೋ ಎಂದರು. ಟೈಲರಮ್ಮನಿಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿಯಿತು. ಅಜ್ಜಿ ಸೂಲಗಿತ್ತಿ. ಓದು ಬರಹ ಬರುತ್ತಿರಲಿಲ್ಲ. ತಾನು ಮಾಡಿಸಿದ ಹೆರಿಗೆಯಲ್ಲಿ ಮಗು ಹುಟ್ಟುತ್ತಲೇ ಅತ್ತ ದಿನ ಮನೆಗೆ ಬಂದು ಆ ಹಗ್ಗಕ್ಕೊಂದು ಗಂಟು ಹಾಕುತ್ತಿದ್ದಳು. ಮಗು ಅಳದ ದಿನ ಯಾರೊಂದಿಗೂ ಮಾತಾಡದೆ ಗೋಡೆ ಕಡೆ ತಿರುಗಿ ಮಲಗುತ್ತಿದ್ದಳು. ಅಂಥವಳ ಹೆಸರಿಗೆ ಈ ಎಲುಬಿಲ್ಲದ ನಾಲಿಗೆ ಮಸಿ ಬಳಿಯುತ್ತಿದೆ!

“ತಿಂದಿದ್ದಲ್ಲಪ್ಪ, ಹೆರಿಗೆ ಮಾಡಿಸಿದ್ದು,” ಎಂದಳು. “ಅವಳು ನಮ್ಮಜ್ಜಿ.”

ಗೈಡ್ ಹಲ್ಲು ಕಿರಿದ. “ಇದೆಲ್ಲ ತಮಾಷೆಗೆ ಅಮ್ಮಾ. ಸೂಲಗಿತ್ತಿ ಮನೆ ಅಂದ್ರೆ ಯಾರು ಟಿಕೆಟ್ ತಗೋತಾರೆ?”

“ಅತ್ತೆ, ಹೋಗ್ಲಿ ಬಿಡಿ,” ಅಳಿಯ ಪಿಸುಗುಟ್ಟಿದ. “ಎಲ್ರೂ ನೋಡ್ತಿದಾರೆ.”

“ನೋಡ್ಲಿ. ಅದಕ್ಕೇ ತಾನೆ ದುಡ್ಡು ಕೊಟ್ಟು ಬಂದಿರೋದು?”

ಅಡ್ಡ ಕಟ್ಟಿದ್ದ ಸರಪಳಿ ದಾಟಿ, ಪ್ಲಾಸ್ಟರ್ ಮುದುಕಿಯ ಕೈಯಿಂದ ಪೊರಕೆ ಕಿತ್ತುಕೊಂಡಳು. ಗೈಡ್‌ನ ಬೂಟುಗಾಲಿನ ಬಳಿಯಿಂದಲೇ ಗುಡಿಸಲು ಶುರುಮಾಡಿದಳು. ಧೂಳೆದ್ದಿತು. ಜನ ಒಬ್ಬರ ಕಾಲು ಒಬ್ಬರು ತುಳಿಯುತ್ತ ಹೊಸ್ತಿಲಾಚೆ ಹೋದರು. ಆಗ ಪೊರಕೆ ಬಿಸಾಕಿ, ಗೋಡೆಯ ಹಗ್ಗ ಇಳಿಸಿಕೊಂಡಳು.

“ಅದು ಕಂಪನಿ ಸಾಮಾನು!” ಬಾಗಿಲಾಚೆಯಿಂದ ಗೈಡ್ ಕೂಗಿದ. “ಅಲ್ಲೇ ಬಿಡಿ!”

ಟೈಲರಮ್ಮ ಹೊಸ್ತಿಲಿಗೆ ಬಂದು, ಹಗ್ಗದ ತುದಿಯ ಕಡೆಯಿದ್ದ ಒಂದು ಗಂಟನ್ನು ಹುಡುಕಿ ಅವನ ಮೂಗಿನ ಹತ್ತಿರ ಹಿಡಿದಳು. ಉಳಿದವಕ್ಕಿಂತ ಅದು ದಪ್ಪ; ಮೊಮ್ಮಗಳೆಂಬ ಖುಷಿಗೆ ಅಜ್ಜಿ ಎರಡು ಸುತ್ತು ಬಿಗಿದಿದ್ದಳು.

“ಇದು ನಾನು. ಕಂಪನಿದಾದ್ರೆ ಬಿಚ್ಚು, ನೋಡೋಣ.”

ಗೈಡ್ ಕೈ ಚಾಚಲಿಲ್ಲ. ಟೈಲರಮ್ಮ ಹಗ್ಗವನ್ನು ಮೊಳಕೈಗೆ ಸುತ್ತಿಕೊಂಡು ಬಸ್ಸು ಹತ್ತಿದಳು. ಅವಳ ಅಕ್ಕಪಕ್ಕದವರು ಎದ್ದು ಹಿಂದಿನ ಸೀಟಿಗೆ ಹೋದರು. ಅಳಿಯ ಮಾತ್ರ ಬಂದು ಪಕ್ಕದಲ್ಲಿ ಕೂತ. ಜೋತುಬಿದ್ದಿದ್ದ ಹಗ್ಗದ ತುದಿಯನ್ನು ಎತ್ತಿಕೊಟ್ಟು ಕೇಳಿದ:

“ಅಜ್ಜಿ ಹೆಸರೇನು, ಅತ್ತೆ?”