ಹತ್ತು ನಿಮಿಷಕ್ಕೆ ಆರುವ ದೀಪ

"ಆಶಾ... ಆರೋಯ್ತು."

ಆಶಾರಾಣಿ ಕುಕ್ಕರಿಗೆ ಮುಚ್ಚಳ ಹಾಕುತ್ತಿದ್ದಳು. ಆ ಸಂಜೆ ಅದು ಐದನೆಯ ಕರೆ. ಕೈಯನ್ನು ಸೆರಗಿಗೆ ಒರೆಸಿಕೊಂಡು ಹಾಲಿಗೆ ಬಂದಳು. ಗಂಡ ಲಕ್ಷ್ಮೀಕಾಂತ್ ಟಿವಿಯ ಮುಂದೆ ಕುರ್ಚಿಯಲ್ಲಿ ಕೂತಿದ್ದ. ಅವನ ಎಡಗೈಯನ್ನು ಮಣಿಕಟ್ಟಿನವರೆಗೆ ಬಟ್ಟೆಚೀಲದಲ್ಲಿ ಹಾಕಿ ದಾರ ಬಿಗಿದಿತ್ತು. ಬಲಗೈ ತೊಡೆಯ ಮೇಲಿನ ದಿಂಬಿನಲ್ಲಿ ಒರಗಿತ್ತು, ಅದರೊಳಗೆ ಕಪ್ಪನೆಯ ಗೇಮ್ ಕಂಟ್ರೋಲರ್. ಅದರ ನಡುವಿನ ಬಿಳಿ ದೀಪ ಆರಿತ್ತು. ಆಶಾರಾಣಿ ಬಗ್ಗಿ, ನಡುವಿನ ಪುಟ್ಟ ಗುಂಡಿಯನ್ನು ಮೂರು ಸೆಕೆಂಡು ಒತ್ತಿ ಹಿಡಿದಳು. ದೀಪ ಹತ್ತಿತು. ಟಿವಿಯಲ್ಲಿ ನಿಂತುಹೋಗಿದ್ದ ಕೆರೆಯ ನೀರು ಮತ್ತೆ ಅಲುಗಾಡಿತು.

ಏನೋ ಹೇಳಲು ಅವನು ಬಾಯಿ ತೆರೆದ. ಆ ಮಾತು ಹೊರಬರುವ ಹೊತ್ತಿಗೆ ಅವಳು ಅಡುಗೆಮನೆ ಸೇರಿದ್ದಳು.

ಹಿರೇಹಳ್ಳಿಯ ಒಂದು ಕಾರ್ಖಾನೆಯಲ್ಲಿ ಲಕ್ಷ್ಮೀಕಾಂತ್ ಇಪ್ಪತ್ತೆರಡು ವರ್ಷ ಲೇತ್ ಮಷೀನಿನ ಮುಂದೆ ನಿಂತವನು. ಕಡೆದ ಕಬ್ಬಿಣದ ಮೇಲೆ ಬೆರಳಾಡಿಸಿ, "ಇನ್ನೊಂದು ಕೂದಲೆಳೆಯಷ್ಟು ತೆಗೀಬೇಕು" ಅನ್ನುತ್ತಿದ್ದ. ಅಳೆದು ನೋಡಿದರೆ ಅಷ್ಟೇ ಇರುತ್ತಿತ್ತು. ಏಳು ತಿಂಗಳ ಹಿಂದೆ ಅದೇ ಮಷೀನಿನ ಪಕ್ಕ ಕುಸಿದು ಬಿದ್ದ. ಸ್ಟ್ರೋಕ್ ಎಂದರು. ಕಾಲು ಕೋಲು ಹಿಡಿದು ನಡೆಯುವಷ್ಟು ಬಂತು, ಮಾತು ತಡೆತಡೆದು ಬಂತು, ಬಲಗೈ ಮಾತ್ರ ಬರಲಿಲ್ಲ. ಬಲಗಡೆಯ ಅಂಚಿನಲ್ಲಿರುವುದು ಕಣ್ಣಿಗೂ ಸರಿಯಾಗಿ ಬೀಳುತ್ತಿರಲಿಲ್ಲ.

ವ್ಯಾಯಾಮ ಹೇಳಿಕೊಡಲು ಕ್ಯಾತ್ಸಂದ್ರದ ಅವರ ಮನೆಗೆ ವಾರಕ್ಕೊಮ್ಮೆ ಬರುತ್ತಿದ್ದ ಶಿಲ್ಪಾ, ಎಡಗೈ ಬಿಡುವಾಗಿದ್ದರೆ ಬಲಗೈ ಸೋಮಾರಿಯಾಗುತ್ತದೆ ಎಂದಳು. ಬೆಳಿಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ ಎಡಗೈಯನ್ನು ಚೀಲದಲ್ಲಿ ಹಾಕಿ ಕಟ್ಟಬೇಕು, ಏನೇ ಬಂದರೂ ಬಲಗೈಯಲ್ಲೇ ಮಾಡಬೇಕು. ರಬ್ಬರ್ ಚೆಂಡು ಹಿಸುಕು ಎಂದರೆ ಅವನು ಎಸೆದ. "ನಾನೇನ್... ಮಗೂನಾ?" ಆಮೇಲೆ ಶಿಲ್ಪಾಳೇ ಈ ಮೀನು ಹಿಡಿಯುವ ಗೇಮಿನ ವಿಷಯ ಹೇಳಿದ್ದು. ಹೆಬ್ಬೆರಳಲ್ಲಿ ಗಾಳ ಎಸೆಯಬೇಕು, ಕಾಯಬೇಕು. ಮೀನು ಕಚ್ಚಿದರೆ ಕಂಟ್ರೋಲರ್ ಗುರ್ರ್ ಎಂದು ಅಂಗೈಯಲ್ಲಿ ನಡುಗುತ್ತದೆ. ಆಗ ತೋರುಬೆರಳಿನಿಂದ ಹಿಂದಿನ ಗುಂಡಿ ಎಳೆಯಬೇಕು.

ಮೊದಲ ದಿನ ಅದು ನಡುಗಿದಾಗ ಲಕ್ಷ್ಮೀಕಾಂತ್ ಗಾಬರಿಯಾಗಿ ಹೆಂಡತಿಯ ಮುಖ ನೋಡಿದ್ದ. ಬಿಸಿ ತಂಪು ಗೊತ್ತಾಗದ ಆ ಅಂಗೈಗೆ ತಿಂಗಳುಗಟ್ಟಲೆ ಆದಮೇಲೆ ಏನೋ ಒಂದು ತಲುಪಿತ್ತು. "ಬಂತು... ಬಂತು ಕಣೇ" ಎಂದು ಅತ್ತುಬಿಟ್ಟ. ಅಂದಿನಿಂದ ಒಂದು ದಿನವೂ ತಪ್ಪಿಸಲಿಲ್ಲ.

ಆದರೆ ನಾಲ್ಕು ಸಲ ಗಾಳ ಎಸೆಯುವಷ್ಟರಲ್ಲಿ ಅವನ ಬೆರಳು ಸೆಟೆದುಕೊಳ್ಳುತ್ತಿದ್ದವು. ಅವು ಬಿಡಿಸಿಕೊಳ್ಳಲು ಹತ್ತು ಹನ್ನೆರಡು ನಿಮಿಷ ಬೇಕು. ಅಷ್ಟರಲ್ಲಿ ಕಂಟ್ರೋಲರ್ ತಾನಾಗಿಯೇ ಆರಿಹೋಗುತ್ತಿತ್ತು. ಒಳಕ್ಕೆ ಹುದುಗಿದ್ದ ಆ ನಡುವಿನ ಗುಂಡಿಗೆ ಅವನ ಹೆಬ್ಬೆರಳು ಎಟುಕದು. ಚೀಲ ಬಿಚ್ಚಿ ಎಡಗೈಯಲ್ಲಿ ಒತ್ತಿ ಎಂದರೆ ಕೇಳುವವನಲ್ಲ, ಶಿಲ್ಪಾ ಹೇಳಿದ್ದಾಳೆ ಎಂದರೆ ಹೇಳಿದ್ದಾಳೆ. ಹಾಗಾಗಿ ಕರೆಯುತ್ತಿದ್ದ.

ಆಶಾರಾಣಿ ಗುಬ್ಬಿಯ ಹೈಸ್ಕೂಲಿನಲ್ಲಿ ಗಣಿತದ ಟೀಚರ್. ಐದಕ್ಕೆ ಎದ್ದು, ಅವನ ಸ್ನಾನ, ತಿಂಡಿ, ಮಧ್ಯಾಹ್ನದ ಡಬ್ಬಿ ಎಲ್ಲ ಮುಗಿಸಿ, ನಡುನಡುವೆ ದೀಪ ಹತ್ತಿಸಿ, ಎರಡು ಬಸ್ಸು ಬದಲಾಯಿಸಿ ಹೋಗಬೇಕು. ಬಂದಮೇಲೆ ಮತ್ತೆ ಅದೇ. ಅವನು ಸಿಟ್ಟಿನಿಂದ ಕರೆದವನಲ್ಲ, ಮೆಲ್ಲಗೆ, ಸಂಕೋಚದಿಂದಲೇ ಕರೆಯುತ್ತಿದ್ದ. ಅದಕ್ಕೇ ಅವಳಿಗೆ ರೇಗಲೂ ಆಗುತ್ತಿರಲಿಲ್ಲ. ಒಂದು ದಿನ ಸ್ಟಾಫ್ ರೂಮಿನಲ್ಲಿ ಯಾರೋ "ಆಶಾ" ಎಂದದ್ದಕ್ಕೆ "ಬಂದೆ, ಬಂದೆ" ಎನ್ನುತ್ತಾ ಎದ್ದು ನಿಂತುಬಿಟ್ಟಳು. ಎಲ್ಲರೂ ನಕ್ಕರು. ಅವಳೂ ನಕ್ಕಳು.

ಆ ಶನಿವಾರ ಅರ್ಧ ದಿನದ ಸ್ಕೂಲು ಮುಗಿಸಿ, ಟೌನ್‌ಹಾಲ್ ಹತ್ತಿರ ಇಳಿದು, ಗೇಮ್ ಕೊಂಡಿದ್ದ ರಿಪೇರಿ ಅಂಗಡಿಗೆ ಹೋದಳು. ಅಂಗಡಿಯ ರೇವಣಸಿದ್ದಯ್ಯ ಕನ್ನಡಕ ಹಣೆಗೇರಿಸಿ ಕೇಳಿಸಿಕೊಂಡ.

"ಅದು ಕೆಟ್ಟಿಲ್ಲ ಮೇಡಂ. ಹತ್ತು ನಿಮಿಷ ಯಾರೂ ಮುಟ್ಲಿಲ್ಲ ಅಂದ್ರೆ ಅದೇ ಮಲಗ್ಬಿಡುತ್ತೆ. ಸೆಲ್ ಉಳೀಲಿ ಅಂತ ಹಂಗೆ ಮಾಡಿರ್ತಾರೆ."

"ಮಲಗದೇ ಇರೋ ಹಾಗೆ ಮಾಡಕ್ಕಾಗಲ್ವಾ?"

"ಯಾಕಾಗಲ್ಲ? ಸೆಟ್ಟಿಂಗ್ಸಲ್ಲಿ ಹತ್ತು, ಮೂವತ್ತು, ಅರವತ್ತು ಅಂತ ಇರುತ್ತೆ, ಕೊನೇಲಿ ‘ನೆವರ್’ ಅಂತ. ಅದನ್ನ ಹಾಕಿದ್ರೆ ಮಲಗೋದೇ ಇಲ್ಲ. ಆದ್ರೆ ಈಗ ಒಂದು ವಾರ ಬರೋ ಸೆಲ್ಲು ಆಗ ಎರಡು ದಿನಾನೂ ಬರಲ್ಲ. ನೀವು ಟಿವಿ ಆರಿಸಿ ಮಲಗಿದ್ರೂ ಅದು ಎಚ್ಚರವಾಗೇ ಇರುತ್ತಲ್ಲ."

"ವೈರ್ ಇರೋದು ತಗೊಂಡ್ರೆ?"

"ತಗೋಬಹುದು. ಯಜಮಾನ್ರು ಕೋಲು ಹಿಡ್ಕೊಂಡು ಓಡಾಡ್ತಾರೆ ಅಂದ್ರಲ್ಲ, ಕಾಲಿಗೆ ಸಿಕ್ಕೊಂಡ್ರೆ ಕಷ್ಟ." ಅವನು ಒಂದು ಕ್ಷಣ ಯೋಚಿಸಿದ. "ಇನ್ನೊಂದೈತೆ. ಒಳಗೆ ಗುರ್ರ್ ಅನ್ನೋಕೆ ಎರಡು ಚಿಕ್ಕ ಮೋಟರ್ ಇರ್ತವೆ, ಕರೆಂಟ್ ತಿನ್ನೋದು ಅವೇ. ಅವನ್ನ ಆಫ್ ಮಾಡಿಟ್ರೆ ನಾಕೈದು ದಿನ ಎಳೀಬಹುದು. ಒಂದು ಬೇಕು ಅಂದ್ರೆ ಒಂದನ್ನ ಬಿಡ್ಬೇಕು ಮೇಡಂ."

ಬಸ್ಸಿನಲ್ಲಿ ಅವಳು ಅದನ್ನೇ ಯೋಚಿಸಿದಳು. ಅವನಿಗೆ ಆ ನಡುಕ ಇಷ್ಟವೆಂದು ಅವಳಿಗೆ ಗೊತ್ತಿಲ್ಲದೆ ಇರಲಿಲ್ಲ. ಆದರೆ ಮೀನು ಕಚ್ಚಿದಾಗ ಪರದೆಯ ಮೇಲೆ ಗಾಳದ ತೇಲುಬೆಂಡು ಮುಳುಗುವುದು ಕಾಣುತ್ತದಲ್ಲ, ನೋಡಿಕೊಂಡು ಎಳೆಯಬಹುದಲ್ಲ ಎಂದು ತನಗೇ ಹೇಳಿಕೊಂಡಳು. ಅವನನ್ನು ಕೇಳಿ ಮಾಡುವುದು ಸರಿ. ಆದರೆ ಕೇಳುವುದೆಂದರೆ ಅವನ ಒಂದೊಂದು ಮಾತಿಗೂ ಕಾದು ಕೂರಬೇಕು, ಅರ್ಧ ಗಂಟೆಯ ಕೆಲಸ. ನಾಳೆ ಹೇಳಿದರಾಯಿತು.

ಸಂಜೆ ಅವನು ಬಚ್ಚಲಿಗೆ ಹೋಗಿದ್ದಾಗ ‘ನೆವರ್’ ಹಾಕಿದಳು. ನಡುಕವನ್ನು ಆಫ್ ಮಾಡಿದಳು.

ಆ ಸಂಜೆ ಯಾರೂ ಕರೆಯಲಿಲ್ಲ. ಭಾನುವಾರವೂ ಕರೆಯಲಿಲ್ಲ. ಆಶಾರಾಣಿ ಒಂದೇ ಉಸಿರಿಗೆ ಅಡುಗೆ ಮುಗಿಸಿ, ಬಟ್ಟೆ ಮಡಿಸಿ, ಗೋಡೆಗೊರಗಿ ಸುಮ್ಮನೆ ಕೂತಳು. ಎಷ್ಟೋ ದಿನದ ಮೇಲೆ ಕಾಫಿಯನ್ನು ಬಿಸಿಯಿರುವಾಗಲೇ ಕುಡಿದಳು. ಹೇಳಬೇಕೆಂದುಕೊಂಡದ್ದು ನಾಳೆಗೆ, ಮತ್ತೆ ನಾಳೆಗೆ ಹೋಯಿತು.

ಅವನೂ ಈಗ ಹಗಲಲ್ಲಿ ಒಬ್ಬನೇ ಆಡಲು ಶುರುಮಾಡಿದ್ದ. ಚೀಲದ ದಾರವನ್ನು ಹಲ್ಲಿನಿಂದ ಎಳೆದು ಬಿಗಿದುಕೊಳ್ಳುತ್ತಿದ್ದ. ಮಂಗಳವಾರ ಕಾಫಿ ಲೋಟವನ್ನು ಬಲಗೈಗೆ ಒತ್ತಿಕೊಂಡು ಕಣ್ಣುಮುಚ್ಚಿ ಕೂತಿದ್ದ. ಕೈ ಸುಧಾರಿಸುತ್ತಿದೆ ಎಂದು ಅವಳಿಗೆ ಸಮಾಧಾನವಾಯಿತು. ಮಾತು ಕಡಿಮೆಯಾಗಿತ್ತು, ಅದನ್ನು ಅವಳು ಗಮನಿಸಿದಳು. ಯಾಕೆಂದು ಕೇಳುವ ಶಕ್ತಿ ಇರಲಿಲ್ಲ.

ಗುರುವಾರ ಅವಳು ಮನೆಗೆ ಬಂದಾಗ ಆರು ಗಂಟೆ. ಟಿವಿಯಲ್ಲಿ ಕೆರೆಯ ನೀರು ಅಲುಗುತ್ತಿತ್ತು. ಕಂಟ್ರೋಲರ್ ನೆಲದ ಮೇಲಿತ್ತು, ದೀಪ ಉರಿಯುತ್ತಿತ್ತು. ಊಟದ ಡಬ್ಬಿ ಇಟ್ಟ ಜಾಗದಲ್ಲೇ ಇತ್ತು, ಮುಚ್ಚಳ ತೆಗೆದಿರಲಿಲ್ಲ. ಲಕ್ಷ್ಮೀಕಾಂತ್ ಬಲಗೈಯನ್ನು ತೊಡೆಯ ಮೇಲೆ ಅಂಗಾತ ಇಟ್ಟುಕೊಂಡು ಅದನ್ನೇ ನೋಡುತ್ತಿದ್ದ.

"ಯಾಕ್ರೀ, ಊಟ ಮಾಡಿಲ್ಲ?"

"ಕೈ... ಹೋಯ್ತು."

"ಏನಂತೀರಾ?"

"ಶನಿವಾರದಿಂದ ಗುರ್ರ್... ಅನ್ತಿಲ್ಲ. ಅಂಗೈಗೆ ಏನೂ... ಗೊತ್ತಾಗ್ತಿಲ್ಲ." ಅವನು ಉಸಿರು ಎಳೆದುಕೊಂಡ. "ರಿಮೋಟು ಕೆಟ್ಟೈತೇನೋ ಅನ್ಕಂಡೆ. ಇವತ್ತು ಸೆಲ್ಲೂ... ಮುಗೀತು. ಚೀಲ ಬಿಚ್ಚಿ, ಬೇರೆ ಸೆಲ್ ಹಾಕ್ದೆ. ದೀಪ ಬಂತು. ಗಾಳ ಹೋಗ್ತದೆ. ಮೀನು ಕಚ್ತದೆ. ಮಷೀನು... ಸರಿ ಐತೆ ಆಶಾ. ಕೈಯೇ ಸತ್ತೋಗೈತೆ. ಮತ್ತೆ ಸ್ಟ್ರೋಕ್... ಆಗೈತೆ."

ಏಳು ತಿಂಗಳಲ್ಲಿ ಅವನು ಒಟ್ಟಿಗೆ ಇಷ್ಟು ಮಾತಾಡಿದ್ದು ಅದೇ ಮೊದಲು. ಆಶಾರಾಣಿ ಹೆಗಲ ಬ್ಯಾಗನ್ನೂ ತೆಗೆಯದೆ ನೆಲದ ಮೇಲೆ ಕೂತುಬಿಟ್ಟಳು. ಐದು ದಿನ. ಐದು ದಿನ ಈ ಮನುಷ್ಯ ಇದನ್ನು ಎದೆಯಲ್ಲಿಟ್ಟುಕೊಂಡು ಅವಳೆದುರು ತಿಂಡಿ ತಿಂದಿದ್ದ, ಅವಳನ್ನು ಬಸ್ಸಿಗೆ ಕಳಿಸಿದ್ದ.

"ನಂಗ್ಯಾಕೆ ಹೇಳ್ಲಿಲ್ಲ?"

"ನಿಂಗೆ... ಇರೋದೇ ಸಾಕಷ್ಟೈತೆ."

ಅವಳು ಕಂಟ್ರೋಲರ್ ಎತ್ತಿಕೊಂಡಳು. ಎರಡು ಸಲ ತಪ್ಪು ಜಾಗಕ್ಕೆ ಹೋಗಿ, ಮೂರನೆಯ ಸಲ ಸೆಟ್ಟಿಂಗ್ ಸಿಕ್ಕಿತು. ನಡುಕವನ್ನು ಆನ್ ಮಾಡಿದಳು. ಗಾಳ ಎಸೆದು, ಅದನ್ನು ಅವನ ಬಲ ಅಂಗೈಯೊಳಗಿಟ್ಟು, ಅವನ ಬೆರಳುಗಳನ್ನು ತನ್ನ ಎರಡು ಕೈಯಿಂದ ಮುಚ್ಚಿ ಹಿಡಿದಳು. ಬೆಂಡು ಮುಳುಗಿತು.

ಗುರ್ರ್.

ಲಕ್ಷ್ಮೀಕಾಂತನ ಭುಜ ಅದುರಿತು. ಅವಳನ್ನು ನೋಡಿದ. ಅವನ ಮುಖದಲ್ಲಿ ಖುಷಿಗಿಂತ ಮೊದಲು ಬಂದದ್ದು ಗೊಂದಲ.

"ನಾನೇ ಆಫ್ ಮಾಡಿದ್ದೆ ಕಣ್ರೀ" ಎಂದಳು. "ಅದು ಮಲಗದೇ ಇರ್ಲಿ ಅಂತ. ಗುರ್ರ್ ಅಂದ್ರೆ ಸೆಲ್ಲು ಬೇಗ ಹೋಗುತ್ತಂತೆ. ನಿಮ್ಗೆ ಹೇಳ್ಬೇಕಿತ್ತು, ಹೇಳ್ಲಿಲ್ಲ. ನೀವು ಕರೆಯೋದು ನಿಂತ್ರೆ ಸಾಕು ಅನ್ನಿಸ್ಬಿಟ್ಟಿತ್ತು. ನಂಗೆ... ಸಾಕಾಗೋಗಿದೆ."

ಹೇಳಿದ ಮೇಲೆ ತನ್ನ ಬಾಯಿಂದ ಅದು ಬಂತೇ ಎಂದು ಅವಳಿಗೇ ನಂಬಿಕೆಯಾಗಲಿಲ್ಲ. ಅವನು ಬೈಯಲಿ ಎಂದು ಕಾದಳು. ಅವನು ಬೈಯಲಿಲ್ಲ. ಮುಖವನ್ನು ಆ ಕಡೆ ತಿರುಗಿಸಿಕೊಂಡ. ಟಿವಿಯಲ್ಲಿ ಮೀನು ತಪ್ಪಿಸಿಕೊಂಡು ಹೋಯಿತು. ಹೊರಗೆ ಹಾಲಿನವನು ಸೈಕಲ್ ಬೆಲ್ ಹೊಡೆದ, ಇಬ್ಬರೂ ಏಳಲಿಲ್ಲ.

"ಐದು ದಿನ" ಎಂದ ಕೊನೆಗೆ. "ಸತ್ತೋಗ್ಬೇಕು... ಅನ್ಸಿತ್ತು."

ಅವಳು ಬ್ಯಾಗ್ ಇಳಿಸಿ ಎದ್ದಳು. ಅನ್ನ ಬಿಸಿಮಾಡಿ ತಂದಳು. ಅವನು ಎಡಗೈಯಲ್ಲಿ ನಾಲ್ಕು ತುತ್ತು ತಿಂದ. ಐದನೆಯದಕ್ಕೆ ನಿಲ್ಲಿಸಿ, "ಅಕ್ಕನ್ನ ಕರಿ" ಎಂದ.

ಕುಣಿಗಲ್ ಕಡೆಯ ಕೊತ್ತಗೆರೆಯಲ್ಲಿದ್ದ ಅವನ ಅಕ್ಕ ರಂಗಲಕ್ಷ್ಮಮ್ಮ ಮೊದಲ ತಿಂಗಳೇ ಬಂದಿರುತ್ತೇನೆ ಎಂದಿದ್ದಳು. ಬೇಡ, ನಾನೇ ನೋಡಿಕೊಳ್ಳುತ್ತೇನೆ ಎಂದು ಕಡ್ಡಿ ಮುರಿದಂತೆ ಹೇಳಿದ್ದು ಆಶಾರಾಣಿಯೇ. ಈಗ ಅವಳೇ ಫೋನ್ ಮಾಡಿದಳು. "ಅತ್ತಿಗೆ" ಎಂದವಳೇ ಅತ್ತುಬಿಟ್ಟಳು.

"ಅಳ್ಬ್ಯಾಡ ಬುಡು" ಎಂದಳು ರಂಗಲಕ್ಷ್ಮಮ್ಮ. "ಏಳು ತಿಂಗ್ಳು ಬೇಕಾಯ್ತೇನೇ ನಿಂಗೆ ಒಂದ್ ಫೋನ್ ಮಾಡಕ್ಕೆ? ರಾಗಿ ಹಿಟ್ಟು ಮಾಡಿಸ್ಕಂಡು ಭಾನುವಾರದ ಬಸ್ಸಿಗೆ ಬತ್ತೀನಿ."

ಶನಿವಾರ ಬಂದ ಶಿಲ್ಪಾ ನಡೆದದ್ದನ್ನೆಲ್ಲ ಕೇಳಿ, ಬೇರೆಲ್ಲವನ್ನೂ ಬಿಟ್ಟು ಒಂದನ್ನೇ ಹಿಡಿದಳು. "ಸರ್, ಸೆಲ್ ಹಾಕಿದ್ರಲ್ಲ, ಆ ಮುಚ್ಚಳ ಒಂದೇ ಕೈಯಲ್ಲಿ ತೆಗೆಯಕ್ಕಾಗಲ್ಲ. ಹೆಂಗ್ ಹಿಡ್ಕೊಂಡ್ರಿ?"

ಲಕ್ಷ್ಮೀಕಾಂತ್ ತೋರಿಸಿದ. ಕಂಟ್ರೋಲರನ್ನು ಬಲಗೈಯಿಂದ ತೊಡೆಗೆ ಒತ್ತಿ ಹಿಡಿದು, ಎಡಗೈಯಿಂದ ಮುಚ್ಚಳ ಜಾರಿಸಿದ್ದ. ಮುಕ್ಕಾಲು ಗಂಟೆ ಹಿಡಿದಿತ್ತಂತೆ. ಕೈ ಸತ್ತಿದೆ ಎಂದುಕೊಂಡ ದಿನವೇ ಆ ಕೈ ಅಷ್ಟು ಹೊತ್ತು ಗಟ್ಟಿಯಾಗಿ ಒತ್ತಿಕೊಂಡಿತ್ತು. ಶಿಲ್ಪಾ ಅವನ ಬೆನ್ನು ತಟ್ಟಿದಳು. ಅವನು ನಾಚಿಕೊಂಡ.

ಸೆಟ್ಟಿಂಗ್ ಏನಿರಬೇಕೆಂದು ಈ ಸಲ ಅವನೇ ಹೇಳಿದ. ಮಲಗುವುದು ಬೇಡ, ನಡುಗುವುದು ಇರಲಿ. ಸೆಲ್ಲು ಒಂದೂವರೆ ದಿನಕ್ಕೆ ಮುಗಿದರೆ ಮುಗಿಯಲಿ, ಒಂದು ಜೊತೆ ಚಾರ್ಜಿಗಿರಲಿ. ಬದಲಾಯಿಸುವುದು ತನ್ನ ಕೆಲಸ.

ಸೋಮವಾರ ಮಧ್ಯಾಹ್ನ ಗುಬ್ಬಿಯ ಸ್ಟಾಫ್ ರೂಮಿನಲ್ಲಿ ಆಶಾರಾಣಿಯ ಫೋನ್ ಹೊಡೆದುಕೊಂಡಿತು. ಮೊದಲ ರಿಂಗಿಗೇ ಎತ್ತಿ, "ಏನಾಯ್ತು ಅತ್ತಿಗೆ?" ಎಂದಳು.

"ಏನಿಲ್ಲ ಕಣೇ" ಎಂದಳು ರಂಗಲಕ್ಷ್ಮಮ್ಮ. "ಮುದ್ದೆ ತಿಂದ. ಬೆಳಿಗ್ಗೆಯಿಂದ ಏಳು ಮೀನು ಹಿಡ್ದವ್ನೆ. ನಂಗೊಂದ್ ಸರ್ತಿ ಕೊಡ್ಲಾ ಅಂದ್ರೆ ಕೊಡಕ್ಕಿಲ್ಲ ಅಂತಾನೆ, ಚಿಕ್ಕ ಹುಡುಗನಂಗೆ."

ಹಿಂದಿನಿಂದ ಅವನು ಏನೋ ಗೊಣಗುವುದು ಕೇಳಿಸಿತು. ಆಶಾರಾಣಿ ನಕ್ಕಳು. ಫೋನ್ ಇಟ್ಟಮೇಲೆ ಹಗುರವಾಗುತ್ತದೆ ಅಂದುಕೊಂಡಿದ್ದಳು. ಹಾಗೇನೂ ಆಗಲಿಲ್ಲ. ದಣಿವು ಸೊಂಟದಲ್ಲಿ, ಕಣ್ಣಿನ ಹಿಂದೆ, ಇದ್ದಲ್ಲೇ ಇತ್ತು. ಅದು ಇಳಿಯಲು ಇನ್ನೂ ಬಹಳ ದಿನ ಬೇಕೆಂದು ಅವಳಿಗೆ ಗೊತ್ತಾಯಿತು. ಮುಂದಿನ ಪೀರಿಯಡ್ ಇರಲಿಲ್ಲ. ತಿದ್ದಬೇಕಿದ್ದ ಪೇಪರುಗಳನ್ನು ಪಕ್ಕಕ್ಕೆ ಸರಿಸಿ, ಮೇಜಿನ ಮೇಲೆ ತೋಳು ಮಡಿಸಿ ತಲೆ ಇಟ್ಟಳು.